ಮಾಯವ್ವನ ಹೋಗಿಬಾ ಗಂಟು

ಯಡ್ರಾವದ ನಮ್ಮ ಓಣಿಯ ಹೆಂಗಸರಿಗೆ ಬೈರೂತ್ ಎಲ್ಲಿದೆ ಎಂದು ಕೇಳಿ ನೋಡಿ. ಕೈಯಲ್ಲಿನ ಕೆಲಸ ಬಿಡದೆ ಗದ್ದದಿಂದಲೇ ಪಶ್ಚಿಮದ ಕಡೆ ತೋರಿಸುತ್ತಾರೆ. "ಅಲ್ಲೆ, ಸಮುದ್ರದ ಆಚೀಕ" ಎನ್ನುತ್ತಾರೆ, ಕೊಲ್ಹಾಪುರ ದಾಟಿದ ಕೂಡಲೇ ಸಿಗುವ ಊರೇನೋ ಎಂಬಂತೆ. ಇದರ ಪುಣ್ಯವೋ ಪಾಪವೋ ಅರ್ಧ ನನ್ನದು, ಇನ್ನರ್ಧ ಮಾಯವ್ವನದು.

ನಾನು ಅಣ್ಣಾಸಾಹೇಬ, ಮಹಾರಾಷ್ಟ್ರದ ಎಸ್.ಟಿ. ಬಸ್ಸಿನ ಕಂಡಕ್ಟರ್. ಇಚಲಕರಂಜಿ–ಗಡಹಿಂಗ್ಲಜ ಗಾಡಿ ನನ್ನದು. ದಿನವಿಡೀ ಕೂಗಿ ಕೂಗಿ ನನ್ನ ಗಂಟಲು ಎಂಥದೆಂದರೆ, ಮನೆಯಲ್ಲಿ ಉಪ್ಪು ಕೇಳಿದರೂ ಜಗಳ ತೆಗೆದಿದ್ದೇನೆ ಎಂದು ನೆರೆಯವರು ಇಣುಕುತ್ತಾರೆ. ಪ್ರಯಾಣಿಕರು ಸೀಟಿನ ಮೇಲೆ ಬಿಟ್ಟುಹೋದ ಮರಾಠಿ ಪೇಪರುಗಳನ್ನು ಗುಡ್ಡೆ ಹಾಕಿಕೊಂಡು ಬರುವುದು, ಮಾಯವ್ವನ ಕಟ್ಟೆಯ ಮೇಲೆ ಕೂತು ಅವನ್ನು ಕನ್ನಡದಲ್ಲಿ ಹೇಳುವುದು, ಇದು ನನ್ನ ಸಂಜೆಯ ಚಟ. ಕೆಲವರಿಗೆ ಇಸ್ಪೀಟು, ಕೆಲವರಿಗೆ ಗುಂಡು, ನನಗೆ ಇದು.

ಆ ಕಟ್ಟೆಯ ಮೇಲೆ ನಡೆಯುತ್ತಿದ್ದದ್ದು ಗೊಂಡೆಯ ಕೆಲಸ. ಪಾವರ್‌ಲೂಮ್ ಮಾಲೀಕ ತಾತ್ಯಾಸಾಹೇಬರಿಗೆ ಮುಂಬೈಯ ದಲಾಲನೊಬ್ಬ ಕಪ್ಪು–ಬಿಳಿ ಚೌಕಳಿಯ ತಲೆ ರುಮಾಲಿನ ಆರ್ಡರ್ ಕೊಡಿಸಿದ್ದ. ಅರಬಸ್ತಾನಕ್ಕೆ ಹೋಗುವ ಮಾಲು. ಮಗ್ಗದಿಂದ ಇಳಿದ ರುಮಾಲಿನ ಅಂಚಿನಲ್ಲಿ ಬಿಳಿ ಎಳೆಗಳು ಜೋತಾಡುತ್ತವೆ. ಅವನ್ನು ಹೊಸೆದು ಗೊಂಡೆ ಕಟ್ಟಬೇಕು, ಅದು ಯಂತ್ರಕ್ಕೆ ಬಗ್ಗುವ ಕೆಲಸವಲ್ಲ. ಓಣಿಯ ಹೆಂಗಸರೆಲ್ಲ ಕಟ್ಟುತ್ತಿದ್ದರು, ಅವರ ಮುಂದಾಳು ಮಾಯವ್ವ. ಪ್ರತಿ ರುಮಾಲೂ ಕೊನೆಗೆ ಅವಳ ಕೈಗೆ ಬರಬೇಕು. ಅವಳು ಅಂಚನ್ನೆಲ್ಲ ಸವರಿ ನೋಡಿ, ಕೊನೆಯ ಒಂದು ಮೂಲೆಯ ಗೊಂಡೆಯನ್ನು ತಾನೇ ಕಟ್ಟಿ, ಮಡಿಚಿ ಇಡುತ್ತಿದ್ದಳು.

ಆ ಕೊನೆಯ ಗೊಂಡೆಯೇ ಮುಂದೆ ನಮ್ಮನ್ನೆಲ್ಲ ಕುಣಿಸಿದ್ದು. ಅದನ್ನು ಹೇಳಬೇಕಾದರೆ ಅವಳ ಹಿಂದಿನ ಕಥೆ ಸ್ವಲ್ಪ ಹೇಳಬೇಕು.

ಮಾಯವ್ವ ಅಕಿವಾಟದ ಧನಗರ ಮನೆತನದವಳು. ಕುರಿ ಕಾಯುವ ಜನ. ಮಳೆಗಾಲ ಮುಗಿದ ಮೇಲೆ ಅವರ ಗಂಡಸರು ಹಿಂಡು ಹೊಡೆದುಕೊಂಡು ಆಜರಾ ದಾಟಿ ಕೊಂಕಣಕ್ಕೆ ಇಳಿಯುತ್ತಾರೆ, ಮತ್ತೆ ಮಳೆ ಬೀಳುವುದರೊಳಗೆ ಮನೆ ಸೇರುತ್ತಾರೆ. ಹೊರಡುವ ಗಂಡಸಿನ ಕಂಬಳಿಯ ಒಂದು ಮೂಲೆಗೆ ಮನೆಯ ಹೆಂಗಸು ಕರಿ ಉಣ್ಣೆಯ ಗಂಟು ಹಾಕುವುದು ಅವಳ ಮನೆಯ ಪದ್ಧತಿ. ಅದಕ್ಕೆ ಅವರು ಹೋಗಿಬಾ ಗಂಟು ಎನ್ನುತ್ತಾರೆ. ಹೋದವನು ತಿರುಗಿ ಬಂದು ಹೊಸ್ತಿಲು ದಾಟಿದ ಮೇಲೆ ಕಟ್ಟಿದವಳೇ ಅದನ್ನು ಬಿಚ್ಚಬೇಕು. ನಡುವೆ ಯಾರಾದರೂ ಬಿಚ್ಚಿದರೆ, ಕತ್ತರಿಸಿದರೆ, ನೀನು ಬರಬೇಡ ಎಂದು ಬಾಯಿ ಬಿಟ್ಟು ಹೇಳಿದ ಹಾಗೆ.

ಒಂದು ವರ್ಷ ಅವಳ ಗಂಡ ಜೋತಿಬಾ ಅವಸರದಲ್ಲಿ ಹೊರಟ. ಹಳೆಯ ಕಂಬಳಿ ಹರಿದಿತ್ತು. ಗಡಹಿಂಗ್ಲಜದ ಸಂತೆಯಲ್ಲಿ ಹೊಸದೊಂದನ್ನು ಕೊಂಡು ಅಲ್ಲಿಂದಲೇ ಹಿಂಡಿನ ಜೊತೆ ನಡೆದುಬಿಟ್ಟ. ಆ ಕಂಬಳಿ ಮಾಯವ್ವನ ಕೈಗೆ ಬರಲೇ ಇಲ್ಲ. ತಿರುಗಿ ಬರುವಾಗ ಮಳೆ ಮೊದಲೇ ಹಿಡಿಯಿತು, ಹಿರಣ್ಯಕೇಶಿ ತುಂಬಿ ಬಂತು. ಕುರಿಗಳು ಮನೆಗೆ ಬಂದವು. ಹೊಳೆಯ ದಂಡೆಯ ಮುಳ್ಳುಕಂಟಿಗೆ ಸಿಕ್ಕಿದ್ದ ಕಂಬಳಿಯನ್ನೂ ಯಾರೋ ತಂದುಕೊಟ್ಟರು. ಜೋತಿಬಾ ಬರಲಿಲ್ಲ. ಗಂಟಿಗೂ ಹೊಳೆಗೂ ಸಂಬಂಧವಿಲ್ಲ ಎಂದು ನಾನು ಸಾವಿರ ಸಲ ಹೇಳಿದ್ದೇನೆ. ಅವಳು ಒಪ್ಪಿಲ್ಲ. ಆ ಮೇಲೆ ಕುರಿ ಮಾರಿ ಯಡ್ರಾವಕ್ಕೆ ಬಂದು ಮಗ್ಗದ ಕೆಲಸ ಹಿಡಿದಳು.

ರುಮಾಲಿನ ಆರ್ಡರ್ ಬಂದ ದಿನ ಅವಳು ತಾತ್ಯಾಸಾಹೇಬರನ್ನು ಕೇಳಿದ್ದಳು: "ಮಾಲಕ್ರ, ಇದನ್ನ ಯಾರು ಸುತಗೋತಾರ್ರೀ?"

"ಮರಳುಗಾಡಿನಾಗ ಕುರಿ, ಒಂಟಿ ಕಾಯೋ ಮಂದಿ," ಎಂದಿದ್ದರು ಅವರು, ಬಾಯಿಗೆ ಬಂದದ್ದನ್ನು.

ಆಯಿತಲ್ಲ! ಕುರಿ ಕಾಯುವವರು ಎಂದ ಮೇಲೆ ಮುಗಿಯಿತು. ಬೇರೆ ಯಾರೇ ಆಗಿದ್ದರೂ ಕೇಳಿ ಬಿಟ್ಟುಬಿಡುತ್ತಿದ್ದರು. ಇವಳು ಸಂಚಿಯಿಂದ ಕರಿ ಉಣ್ಣೆ ತೆಗೆದು ಪ್ರತಿ ರುಮಾಲಿನ ಕೊನೆಯ ಮೂಲೆಗೆ ಬಿಳಿ ಗೊಂಡೆಯ ನಡುವೆ ಹೋಗಿಬಾ ಗಂಟು ಹಾಕತೊಡಗಿದಳು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಮೊದಲ ಬೇಲುಗಳು, ಎಂದರೆ ರುಮಾಲಿನ ಮೂಟೆಗಳು, ಹಾಗೆಯೇ ಮುಂಬೈಗೆ ಹೋದವು.

ಇದು ೧೯೮೨ರ ಮಳೆಗಾಲ. ಜೂನಿನಲ್ಲಿ ಇಸ್ರೇಲಿನ ಸೈನ್ಯ ಲೆಬನಾನಿಗೆ ನುಗ್ಗಿತ್ತು, ಬೈರೂತ್ ಮುತ್ತಿಗೆಯಲ್ಲಿತ್ತು. ಪೇಪರಿನ ತುಂಬ ಅದೇ. ನಮ್ಮ ಮಾಲು ಆ ಕಡೆಗೇ ಹೋಗುತ್ತದೆ ಎಂದ ಮೇಲೆ ಕಟ್ಟೆಯವರಿಗೆ ತಡೆಯಲಾಗಲಿಲ್ಲ. ಏನು ಜಗಳ, ಯಾರ ಜಗಳ, ಮೊದಲಿನಿಂದ ಹೇಳು ಎಂದು ಗಂಟುಬಿದ್ದರು. ನಾನು ಹಳೆಯ ಪೇಪರು, ದೀಪಾವಳಿ ವಿಶೇಷಾಂಕ, ಗಡಹಿಂಗ್ಲಜದ ವಾಚನಾಲಯ ಎಲ್ಲ ತಡಕಾಡಿ ಸಿಕ್ಕಿದ್ದನ್ನು ಸಿಕ್ಕ ಹಾಗೆ ಹೇಳಿದೆ. ಯುರೋಪಿನಲ್ಲಿ ಯಹೂದಿಗಳನ್ನು ಶತಮಾನಗಟ್ಟಲೆ ಹೊಡೆದು ಓಡಿಸಿದ್ದು, ಅವರು ತಮ್ಮ ಪೂರ್ವಜರ ನೆಲವೆಂದು ಪ್ಯಾಲೆಸ್ಟೈನಿಗೆ ಬರತೊಡಗಿದ್ದು, ಅಲ್ಲಿ ಆಗಲೇ ಅರಬರು ಉಳುಮೆ ಮಾಡಿಕೊಂಡು ತಲೆತಲಾಂತರದಿಂದ ಇದ್ದದ್ದು, ಇಂಗ್ಲಿಷರು ಇಬ್ಬರಿಗೂ ಮಾತು ಕೊಟ್ಟದ್ದು.

"ಇಬ್ಬರಿಗೂ?" ಎಂದಳು ಬಾಳಕ್ಕ.

"ಇಬ್ಬರಿಗೂ."

"ಹಂಗಾರ ಸುಡಗಾಡ ಮಾತು," ಎಂದು ಅವಳು ಎಳೆ ಕಚ್ಚಿ ಕಡಿದಳು.

ಬಾಳಕ್ಕ ನಮ್ಮ ಲಿಂಗಾಯತರವಳು, ಮಾಯವ್ವನ ಗೋಡೆಗೆ ಗೋಡೆ. ಕಿರಾಣಿ ವ್ಯಾಪಾರದ ಮನೆತನ, ಮಾತಿನಲ್ಲಿ ತಕ್ಕಡಿ ಹಿಡಿದೇ ಕೂತವಳು. ಹಿಟ್ಲರ್ ಅರವತ್ತು ಲಕ್ಷ ಯಹೂದಿಗಳನ್ನು ಕೊಂದ ಎಂದು ನಾನು ಹೇಳಿದ ದಿನ ಅವಳು ಅತ್ತುಬಿಟ್ಟಳು. ನಲವತ್ತೆಂಟರಲ್ಲಿ ಇಸ್ರೇಲ್ ಹುಟ್ಟಿದ್ದು, ಸುತ್ತಲಿನ ಅರಬ್ ದೇಶಗಳು ದಂಡೆತ್ತಿ ಬಂದದ್ದು, ಆ ಯುದ್ಧದಲ್ಲಿ ಏಳು ಲಕ್ಷ ಪ್ಯಾಲೆಸ್ಟೈನಿಗಳು ಮನೆಮಠ ಕಳೆದುಕೊಂಡು ಡೇರೆಗಳ ಪಾಲಾದದ್ದು, ಇದನ್ನು ಹೇಳಿದ ದಿನ ಮಾಯವ್ವ ಊಟ ಮಾಡಲಿಲ್ಲ. ಅಲ್ಲಿಂದ ಕಟ್ಟೆ ಎರಡಾಯಿತು.

"ಅವರಿಗೆ ಜಗದಾಗ ಒಂದ ಮನಿ ಬ್ಯಾಡೇನ? ಎಲ್ಲಾ ಕಡೆ ಹೊಡದಾರ, ಎಲ್ಲಿ ಹೋಗಬೇಕು?" ಎಂದು ಬಾಳಕ್ಕ.

"ಬೇಕಲಾ. ಖರೆ, ಒಬ್ಬಾಂವ ಉಣಾಕ ಕುಂತ ಮನ್ಯಾಗ?" ಎಂದು ಮಾಯವ್ವ.

ಅರವತ್ತೇಳರ ಆರು ದಿನದ ಯುದ್ಧದಲ್ಲಿ ಇಸ್ರೇಲ್ ಉಳಿದ ಪ್ಯಾಲೆಸ್ಟೈನನ್ನೂ ಹಿಡಿದದ್ದು ಹೇಳಿದರೆ ಮಾಯವ್ವ ಎದ್ದು ನಿಲ್ಲುವಳು, ಮ್ಯೂನಿಕ್ಕಿನ ಒಲಿಂಪಿಕ್ಸಿನಲ್ಲಿ ಪ್ಯಾಲೆಸ್ಟೈನಿ ಬಂದೂಕಿನವರು ಇಸ್ರೇಲಿನ ಆಟಗಾರರನ್ನು ಹಿಡಿದು ಕೊಂದದ್ದು ಹೇಳಿದರೆ ಬಾಳಕ್ಕ ಎದ್ದು ನಿಲ್ಲುವಳು. ಸತ್ತವರಲ್ಲಿ ಕುಸ್ತಿಯವರಿದ್ದರು ಎಂದಾಗ ಮಾತ್ರ ಎರಡೂ ಪಕ್ಷ ಒಂದಾಯಿತು. ಕೊಲ್ಹಾಪುರ ಸೀಮೆಯಲ್ಲಿ ಪೈಲವಾನನನ್ನು ಕೊಂದವರ ಪರ ಯಾರು ಮಾತಾಡುತ್ತಾರೆ! ಗಡಿಗೆರೆ ಎಂದರೇನು ಎಂದು ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಐವತ್ತಾರರಲ್ಲಿ ರಾಜ್ಯಗಳ ಗೆರೆ ಎಳೆದಾಗ ನನ್ನ ಅತ್ತೆಯ ಮನೆ ನಿಪ್ಪಾಣಿ ಆ ಕಡೆ, ಈಗಿನ ಕರ್ನಾಟಕಕ್ಕೆ ಹೋಯಿತು, ನಾವು ಈ ಕಡೆ, ಮಹಾರಾಷ್ಟ್ರದಲ್ಲಿ ಉಳಿದೆವು. ಆದರೆ ಯಾರೂ ಅವರವರ ಮನೆ ಬಿಡಲಿಲ್ಲ, ಹೋಳಿಗೆಗೆ ಕರೆದರೆ ಈಗಲೂ ಹೋಗಿ ಬರುತ್ತೇವೆ. ಆ ವ್ಯತ್ಯಾಸ ನಮ್ಮ ಹೆಂಗಸರಿಗೆ ಬೇಗ ಹತ್ತಿತು.

ಆಗಸ್ಟ್ ಕೊನೆಯ ಒಂದು ದಿನ, ನನಗೆ ಬೆಳಗಿನ ಪಾಳಿ. ಗಡಹಿಂಗ್ಲಜ ಗಾಡಿಯ ಹಿಂದಿನ ಸೀಟಿನಲ್ಲಿ ಪೇಪರ್ ಎತ್ತಿಕೊಂಡವನು ಅಲ್ಲೇ ಕಿರುಚಿದೆ. ಡ್ರೈವರ್ ಬ್ರೇಕ್ ಹಾಕಿದ. ಮಧ್ಯಾಹ್ನ ಡ್ಯೂಟಿ ಮುಗಿಸಿ ಚೀಲವನ್ನೂ ಕೆಳಗಿಡದೆ ಓಣಿಗೆ ಓಡಿದೆ.

"ಮಾಯಕ್ಕಾ! ನಮ್ಮ ರುಮಾಲ! ಪೇಪರ್‌ನ್ಯಾಗ ಬಂದೈತಿ!"

ಹೆಂಗಸರು ಮುಗಿಬಿದ್ದರು. ಫೋಟೋದಲ್ಲಿ ಬೈರೂತಿನ ಬಂದರು. ಪ್ಯಾಲೆಸ್ಟೈನಿ ಹೋರಾಟಗಾರರು ಒಪ್ಪಂದದಂತೆ ನಗರ ಬಿಟ್ಟು ಹಡಗು ಹತ್ತಲು ಹೊರಟಿದ್ದಾರೆ. ಲಾರಿಯ ತುಂಬ ಗಂಡಸರು, ಹೆಗಲ ಮೇಲೆ, ತಲೆಯ ಮೇಲೆ ಚೌಕಳಿ ರುಮಾಲು. ಕೆಳಗೆ ಅಳುತ್ತ ನಿಂತ ಹೆಂಗಸರು, ಮಕ್ಕಳು. ನಿಜ ಹೇಳಬೇಕೆಂದರೆ ಲೋಕದಲ್ಲಿ ಆ ಚೌಕಳಿ ನೇಯುವವರು ನಾವೊಬ್ಬರೇ ಅಲ್ಲ. ಆದರೆ ಆ ಹೊತ್ತಿಗೆ ಆ ಮಾತು ಯಾರಾದರೂ ಅಂದಿದ್ದರೆ ಅವರನ್ನು ನಾನೇ ಓಣಿಯಿಂದ ದಬ್ಬುತ್ತಿದ್ದೆ. ಹಾಗಿತ್ತು ನಮ್ಮ ಹಿಗ್ಗು!

ಮಾಯವ್ವ ಮಾತ್ರ ಹಿಗ್ಗಲಿಲ್ಲ. ಫೋಟೋವನ್ನು ಮೂಗಿಗೆ ಹತ್ತಿರ ಹಿಡಿದು ಕೇಳಿದಳು: "ಇವರು ಎಲ್ಲಿಗೆ ಹೊಂಟಾರ?"

"ಟ್ಯುನಿಸ್, ಯೆಮೆನ್… ಜಾಗಾ ಕೊಟ್ಟ ಕಡೆ."

"ಹೇಣ್ತೇರು, ಮಕ್ಕಳು?"

"ಅವರು ಅಲ್ಲೇ ಉಳಿತಾರ."

"ಮಾಲಕ್ರು ಕುರಿ ಕಾಯೋರು ಅಂದಿದ್ದರಲ್ಲ," ಎಂದು ಅವಳು ಪೇಪರ್ ಮಡಿಚಿದಳು. "ಇರಲಿ. ಇವರಿಗೇ ಹೆಚ್ಚು ಬೇಕಾಗಿತ್ತು."

ಏನು ಬೇಕಾಗಿತ್ತು ಎಂದು ಕೇಳಲು ನಾನು ಬಾಯಿ ತೆರೆಯುವುದರೊಳಗೆ ಓಣಿಯ ತುದಿಯಲ್ಲಿ ಮೋಟಾರ್ ನಿಂತಿತು. ಮುಂಬೈಯ ದಲಾಲ ಇಳಿದ, ಅವನ ಹಿಂದೆ ತಾತ್ಯಾಸಾಹೇಬರು, ಮುಖ ಸೊಟ್ಟಗೆ ಮಾಡಿಕೊಂಡು. ಸಂಜೆಯ ಲಾರಿಗೆ ಹೋಗಬೇಕಾದ ಮಾಲನ್ನು ನೋಡಲು ಬಂದಿದ್ದರು. ದಲಾಲ ಒಂದು ರುಮಾಲು ಬಿಡಿಸಿದ, ಮೂಲೆ ಹಿಡಿದು ಎತ್ತಿದ.

"ಹೇ ಕಾಯ ಆಹೇ?" ಏನಿದು ಎಂದು ಮರಾಠಿಯಲ್ಲಿ ಕೇಳಿದ.

ಬಿಳಿ ಗೊಂಡೆಗಳ ನಡುವೆ ಕರಿ ಉಣ್ಣೆಯ ಗಂಟು. ಇನ್ನೊಂದು ಬಿಡಿಸಿದ. ಅದರಲ್ಲೂ ಇತ್ತು. ಮತ್ತೊಂದು, ಅದರಲ್ಲೂ. ಅವನ ದನಿ ಏರಿತು. ಇದು ದೋಷ, ಎಲ್ಲ ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಮಾಲು ಇಲ್ಲೇ ಬಿದ್ದಿರಲಿ, ಮುಂದಿನ ಆರ್ಡರ್ ಭಿವಂಡಿಯ ಮಗ್ಗದವರಿಗೆ ಕೊಡುತ್ತೇನೆ ಎಂದ. ತಾತ್ಯಾಸಾಹೇಬರು ಕತ್ತರಿ ತರಿಸಿದರು.

ಮಾಯವ್ವ ಎದ್ದಳು. ಹೋಗಿ ಬೇಲಿನ ಮೇಲೆ ಕೂತಳು.

"ಮಾಯವ್ವಾ, ಏಳು," ಎಂದರು ತಾತ್ಯಾಸಾಹೇಬರು.

"ಏಳಂಗಿಲ್ರಿ. ಕತ್ತರಿ ಹಚ್ಚೂದಿದ್ರ ಮೊದಲ ನನಗ ಹಚ್ಚರಿ."

"ಅರೆ, ಒಂದು ದಾರ!"

"ದಾರ ಅಲ್ರಿ ಮಾಲಕ್ರ. ಹೋಗಿ ಬಾ ಅಂತ ಕಟ್ಟೇನಿ. ಮನಿ ಬಿಟ್ಟ ಹೊಂಟಾವರಿಗೆ ಕತ್ತರಸಿ ಕೊಡಲೇನ? ನನ್ನ ಕೈಲೆ?" ಆಮೇಲೆ ದನಿ ತಗ್ಗಿಸಿ, "ಒಮ್ಮೆ ಗಂಟಿಲ್ಲದ ಕಳಿಸಿ ನೋಡೇನ್ರಿ," ಎಂದಳು.

ಓಣಿಗೆಲ್ಲ ಜೋತಿಬಾನ ಕಥೆ ಗೊತ್ತು. ದಲಾಲನಿಗೆ ಗೊತ್ತಿರಲಿಲ್ಲ, ಅವನು ಗಡಿಯಾರ ನೋಡಿಕೊಂಡ. ಇತ್ತ ಕಡೆ ಗೊಂಡೆ ಕಟ್ಟುವ ಅಷ್ಟೂ ಮನೆಗಳ ಕೆಲಸ, ಅತ್ತ ಕಡೆ ಮಾಯವ್ವನ ಗಂಟು.

ಆಗ ಮಾತಾಡಿದವಳು ಯಾರೆಂದುಕೊಂಡಿರಿ? ಬಾಳಕ್ಕ! ಎರಡು ತಿಂಗಳಿಂದ ಮಾಯವ್ವನ ಜೊತೆ ಜುಟ್ಟು ಹಿಡಿಯುವುದೊಂದು ಬಾಕಿ ಇಟ್ಟವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಶೇಠಜಿ, ಒಂದ ಮೂಲ್ಯಾಗ ಇದ್ರ ತಪ್ಪು. ನಾಕೂ ಮೂಲ್ಯಾಗ ಇದ್ರ?"

ನಾನು ಮರಾಠಿಯಲ್ಲಿ ಹೇಳಿದೆ. ದಲಾಲ ರುಮಾಲಿನ ನಾಲ್ಕು ಮೂಲೆಗಳನ್ನೂ ತಿರುವಿ ನೋಡಿದ.

"ನಾಕೂ ಮೂಲ್ಯಾಗ ಇದ್ರ ಡಿಸೈನ್ ಆತಲ್ರಿ!" ಎಂದಳು ಬಾಳಕ್ಕ, ವ್ಯಾಪಾರ ಕುದುರಿಸಿದವಳ ಗತ್ತಿನಲ್ಲಿ.

ದಲಾಲ ನಕ್ಕುಬಿಟ್ಟ. ಲಾರಿ ಬರುವುದರೊಳಗೆ ಒಂದೂ ಬಿಡದೆ ಎಲ್ಲ ರುಮಾಲಿನ ನಾಲ್ಕೂ ಮೂಲೆಗೆ ಇದ್ದರೆ ಸರಿ, ಒಂದೇ ಒಂದು ತಪ್ಪಿದರೂ ಕತ್ತರಿ ಎಂದು ಹೇಳಿ ತಾತ್ಯಾಸಾಹೇಬರ ಮನೆಗೆ ಊಟಕ್ಕೆ ಹೋದ.

ಆ ಮಧ್ಯಾಹ್ನವನ್ನು ಹೇಗೆ ಹೇಳಲಿ! ಬೇಲು ಒಡೆದು ರುಮಾಲುಗಳನ್ನು ಓಣಿಯುದ್ದಕ್ಕೂ ಚಾಪೆಯ ಮೇಲೆ ಹರಡಿದೆವು. ಮಾಯವ್ವ ಎಲ್ಲರಿಗೂ ಗಂಟು ಹಾಕುವುದನ್ನು ತೋರಿಸಿದಳು. ಚನ್ನವ್ವ ಸೊಸೆಯನ್ನು ಕರೆತಂದಳು, ಸೊಸೆ ತವರಿನವರನ್ನು ಕರೆತಂದಳು. ಆದರೂ ಕೈ ಸಾಲದು. ಅಷ್ಟರಲ್ಲಿ ಖಟ್ ಎಂದು ಲೈಟ್ ಹೋಯಿತು. ಊರಿನ ಮಗ್ಗಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚಿದವು. ಬೇರೆ ದಿನವಾಗಿದ್ದರೆ ವಿದ್ಯುತ್ ಮಂಡಳಿಗೆ ಸಹಸ್ರನಾಮ ಮಾಡುತ್ತಿದ್ದೆವು. ಆ ದಿನ ನಾನು ಕುಣಿದೆ. ಮಗ್ಗದ ಗಂಡಸರು ಬನಿಯನ್ನಿನಲ್ಲೇ ಹೊರಗೆ ಬಂದರು, ಬಾಳಕ್ಕನ ಮಗ ಸಿದ್ರಾಮ ಎಲ್ಲರ ಮುಂದೆ.

"ಗಂಡಸರು ಗೊಂಡೆ ಕಟ್ಟೂದೇನ?" ಎಂದು ಒಬ್ಬ ಮೀಸೆ ತಿರುವಿದ.

"ಮೀಸಿಗೆ ಕಟ್ಟತೇನಿ ನೋಡ, ಕುಂಡರ," ಎಂದಳು ಬಾಳಕ್ಕ. ಕೂತ.

ಬಾಳಕ್ಕ ತಾನು ಕೂರುವ ಮೊದಲು ಮಾಯವ್ವನ ಎದುರು ಕೈ ಸೊಂಟಕ್ಕಿಟ್ಟು ನಿಂತಳು. "ಒಂದ ಕರಾರು. ಒಂದ ಮೂಲಿ ನಂದು. ನಾ ಕಟ್ಟೂದು ಆ ಕಡೆ, ಇಸ್ರೇಲದ ತಾಯಂದಿರ ಮಕ್ಕಳಿಗೆ. ಅವರೂ ಬಂದೂಕ ಇಟ್ಟ ತಮ್ಮ ಮನಿಗೆ ಹೋಗಬೇಕು."

ಮಾಯವ್ವ ಉಣ್ಣೆಯ ಎಳೆ ಹರಿದು ಅವಳ ಕೈಗಿಟ್ಟಳು. "ಕಟ್ಟವಾ. ಅವರು ಮನಿಗೆ ಹೋದ್ರ ಇವರೂ ಹೋಗತಾರ."

ಬಾಳಕ್ಕನಿಗೆ ಜನ್ಮದಲ್ಲಿ ಉಣ್ಣೆ ಮುಟ್ಟಿ ಗೊತ್ತಿಲ್ಲ. ಅವಳ ಗಂಟು ಎರಡು ಸುತ್ತು ಹೆಚ್ಚು ಸುತ್ತಿಕೊಂಡು ಸುಂಡೆಕಾಯಿಯಷ್ಟು ದಪ್ಪಗಾಗುತ್ತಿತ್ತು. ನಕ್ಕರೆ ಬಯ್ಯುತ್ತಿದ್ದಳು, ಆದರೂ ಪ್ರತಿ ರುಮಾಲಿಗೂ ಒಂದು ಮೂಲೆ ತಾನೇ ಕಟ್ಟಿದಳು.

ಬಿಸಿಲು ಇಳಿಯತೊಡಗಿತ್ತು. ಇನ್ನೊಂದು ಚಾಪೆಯಷ್ಟು ಮಾಲು ಉಳಿದಿದೆ ಎನ್ನುವಾಗ ಕರಿ ಉಣ್ಣೆ ಮುಗಿದುಹೋಯಿತು! ಸಿದ್ರಾಮ ಸೈಕಲ್ ಹತ್ತಿದ, ಆದರೆ ಉಣ್ಣೆ ಸಿಗುವ ಅಕಿವಾಟಕ್ಕೆ ಹೋಗಿ ಬರುವಷ್ಟು ಹೊತ್ತೆಲ್ಲಿದೆ? ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಲಾರಿಯ ಹಾರ್ನ್ ಈಗ ಕೇಳಿಸುತ್ತದೆ, ಇನ್ನೇನು ಕೇಳಿಸುತ್ತದೆ ಎಂದು ಕಿವಿಯೆಲ್ಲ ಅತ್ತಲೇ.

ಮಾಯವ್ವ ಒಳಗೆ ಹೋದಳು. ಬರುವಾಗ ಅವಳ ತೋಳಿನಲ್ಲಿ ಒಂದು ಕರಿ ಕಂಬಳಿ ಇತ್ತು. ಹಿರಣ್ಯಕೇಶಿ ತಿರುಗಿ ಕೊಟ್ಟ ಕಂಬಳಿ. ಅದನ್ನು ಅವಳು ಹೊದ್ದದ್ದನ್ನು ನಾವು ಯಾರೂ ನೋಡಿರಲಿಲ್ಲ.

"ಬ್ಯಾಡ ಮಾಯವ್ವಾ," ಎಂದಳು ಬಾಳಕ್ಕ.

"ಯಾಕ ಬ್ಯಾಡ? ಇದಕ್ಕ ಗಂಟು ಇರಲಿಲ್ಲ. ಈಗ ಇದಾ ಗಂಟು ಆಗಲಿ." ಅಂಚಿನ ಎಳೆ ಹಿಡಿದು ಎಳೆದಳು. ಕಂಬಳಿ ಸಾಲು ಸಾಲಾಗಿ ಬಿಚ್ಚಿಕೊಳ್ಳತೊಡಗಿತು. ಅಳುತ್ತಿದ್ದವರು ನಾವು, ಅವಳಲ್ಲ. ಅವಳ ಮುಖದಲ್ಲಿ ನಾನು ಎಂದೂ ಕಾಣದ ಹುರುಪಿತ್ತು. "ಕೈ ಓಡಸರಿ, ಮಾರಿ ಏನ ನೋಡತೀರಿ!" ಎಂದು ನಮ್ಮನ್ನೇ ಗದರಿಸಿದಳು.

ಲಾರಿ ಬಂತು. ದಲಾಲ ಬಂದ. ಕಣ್ಣು ಮುಚ್ಚಿ ನಡುನಡುವೆ ಕೈ ಹಾಕಿ ರುಮಾಲು ಎಳೆದ. ನಾಲ್ಕೂ ಮೂಲೆ. ಮತ್ತೊಂದು, ನಾಲ್ಕೂ ಮೂಲೆ. ತಲೆಯಾಡಿಸಿದ. ಓಣಿಯಲ್ಲಿ ಎದ್ದ ಕೂಗಿಗೆ ಗಿಡದ ಕಾಗೆಗಳೆಲ್ಲ ಹಾರಿದವು. ಮೀಸೆಯವನು ಬಾಳಕ್ಕನ ಕಾಲಿಗೆ ಬಿದ್ದ, ನಾನು ಟಿಕೆಟ್ ಚೀಲದಲ್ಲಿದ್ದ ಪೇಪರನ್ನೆಲ್ಲ ಹರಿದು ಲಾರಿಯ ಮೇಲೆ ತೂರಿದೆ. ಲಾರಿ ಹೊರಟಾಗ ಮಾಯವ್ವ ಅದರ ಬೆನ್ನಿಗೆ ಕೈಯೆತ್ತಿ, ಎದುರಿಗಿದ್ದವರಿಗೆ ಹೇಳುವಂತೆ, "ಹೋಗಿ ಬರ್ರಿ," ಎಂದಳು.

ಮುಂದಿನ ತಿಂಗಳು ಆ ಬೈರೂತಿನಲ್ಲೇ, ಗಂಡಸರು ಬಿಟ್ಟುಹೋದ ಸಾಬ್ರಾ, ಶತೀಲಾ ಎಂಬ ನಿರಾಶ್ರಿತರ ಬಿಡಾರಗಳಲ್ಲಿ, ಲೆಬನಾನಿನದೇ ಒಂದು ಬಣದವರು ನುಗ್ಗಿ ಹೆಂಗಸರು ಮಕ್ಕಳೆನ್ನದೆ ಕೊಂದರು. ಸುತ್ತ ಇಸ್ರೇಲಿನ ಸೈನ್ಯವಿತ್ತು. ಅದನ್ನು ಓದಿದ ಸಂಜೆ ಕಟ್ಟೆಯಲ್ಲಿ ಪಕ್ಷಗಳಿರಲಿಲ್ಲ. ಬಾಳಕ್ಕ ಮಾಯವ್ವನ ಪಕ್ಕ ಹೋಗಿ ಕೂತಳು. ಇಸ್ರೇಲಿನಲ್ಲೂ ಲಕ್ಷಾಂತರ ಜನ ಬೀದಿಗಿಳಿದು ಇದು ತಪ್ಪು ಎಂದು ಕೂಗಿದರೆಂದು ನಾನು ಕೆಲವು ದಿನಗಳ ಮೇಲೆ ಓದಿದಾಗ, "ನನ್ನ ಮೂಲಿಯವರು," ಎಂದಳು ಮೆಲ್ಲಗೆ.

ಐದು ವರ್ಷ ಆಗುತ್ತ ಬಂತು. ನಡುವೆ ಸಿದ್ರಾಮ ಕುವೈತಿಗೆ ಡ್ರೈವರ್ ಕೆಲಸಕ್ಕೆ ಹೋಗಿದ್ದ, ಅಂಗಿಯ ಮೂಲೆಗೆ ಮಾಯವ್ವನ ಗಂಟು ಹಾಕಿಸಿಕೊಂಡು. ಎಂಬತ್ತೇಳರ ಬೇಸಿಗೆಯಲ್ಲಿ ರಜೆಗೆ ಬಂದ. ಬಾಳಕ್ಕ ಆರತಿ ಎತ್ತಿದಳು, ಮಾಯವ್ವ ಗಂಟು ಬಿಚ್ಚಿದಳು, ನಾನು ಪೇಢೆ ಹಂಚಿದೆ. ಆಮೇಲೆ ಸಿದ್ರಾಮ ಪೆಟ್ಟಿಗೆ ತೆರೆದು ಒಂದು ರುಮಾಲು ತೆಗೆದ. ಬಿಸಿಲಿಗೆ ಕಂದಿದ, ಬೆವರಿಗೆ ಮೆತ್ತಗಾದ ಕಪ್ಪು–ಬಿಳಿ ಚೌಕಳಿ. ನಾಲ್ಕು ಮೂಲೆಯಲ್ಲಿ ಕರಿ ಉಣ್ಣೆ.

ನಾನು ಕೂಗಿದ ಕೂಗಿಗೆ ಓಣಿಯೇ ಬಂತು.

"ನಮ್ಮ ಜೋಡಿ ಹಸನ್ ಚಾಚಾ ಅಂತ ಇದ್ದಾರ," ಎಂದ ಸಿದ್ರಾಮ. "ಪ್ಯಾಲೆಸ್ಟೈನದವರು. ನಲವತ್ತೆಂಟರಾಗ ಸಣ್ಣ ಹುಡುಗ ಇದ್ದಾಗ ಊರು ಬಿಟ್ಟಾರ. ಕುವೈತದ ಬಜಾರದಾಗ ತಗೊಂಡಿದ್ದರಂತ. ಒಂದಿನಾ ಚಾ ಕುಡೀತಿದ್ವಿ, ಗಂಟು ನೋಡಿ ನಾ ಕಪ್ಪು ಒಗದ ಎದ್ದು ನಿಂತೆ! ಇದರ ಅರ್ಥಾ ಎಲ್ಲಾ ಹೇಳಿದೆ. ನಾ ಬರೂವಾಗ ಕೈಯಾಗ ಇಟ್ಟರು. ನಾ ಅಂತೂ ಮನಿ ಮುಟ್ಟಲಿಲ್ಲ, ಇದಾದ್ರೂ ಯಾರದಾದ್ರೂ ಮನಿ ಮುಟ್ಟಲಿ ಅಂದರು."

ಬಾಳಕ್ಕ ಮುಂದೆ ಬಂದು ಕೇಳಿದಳು: "ನನ್ನ ಮೂಲಿದೂ ಹೇಳಿದೇನ? ಯಾರಿಗೆ ಕಟ್ಟಿದ್ದೆ ಅಂತ?"

"ಹೇಳಿದೆ ಯವ್ವಾ. ಅದನ್ನ ಹಿಡಕೊಂಡ ಭಾಳ ನೋಡಿದರು. ಕಿತ್ತಲಿಲ್ಲ."

ದಪ್ಪ ಗಂಟು ಹಾಗೇ ಇತ್ತು. ಬಾಳಕ್ಕ ಅದನ್ನು ಮುಟ್ಟಿ ಮುಟ್ಟಿ ನೋಡಿದಳು.

"ಬಿಚ್ಚ ಮಾಯಕ್ಕಾ! ನೀ ಕಟ್ಟಿದ್ದು ತಿರಗಿ ಬಂತು!" ಎಂದು ನಾನು ಕುಣಿದೆ. ಓಣಿಯೆಲ್ಲ ಬಿಚ್ಚು ಬಿಚ್ಚು ಎಂದು ಚಪ್ಪಾಳೆ ತಟ್ಟಿತು. ಮಾಯವ್ವ ರುಮಾಲನ್ನು ಮಡಿಲಲ್ಲಿಟ್ಟುಕೊಂಡು ಗಂಟಿನ ಮೇಲೆ ಉಗುರು ಇಟ್ಟಳು. ಇಟ್ಟ ಉಗುರನ್ನು ಹಿಂದೆ ತೆಗೆದಳು.

"ಅರಿವಿ ಬಂದೈತಿ," ಎಂದಳು. "ಮನಷ್ಯಾ ಬಂದಿಲ್ಲ. ನನ್ನ ಮನಿಗೂ ಒಮ್ಮೆ ಹಿಂಗ ಬಂದಿತ್ತು."

ಅವಳು ರುಮಾಲನ್ನು ನಾಲ್ಕು ಮಡಿಕೆ ಮಾಡಿ ಸಿದ್ರಾಮನ ಕೈಗೆ ತಿರುಗಿ ಕೊಟ್ಟಳು.

"ಹೊಳ್ಳಿ ಹೋಗೂವಾಗ ಒಯ್ದು ಅವರಿಗೆ ಕೊಡು ತಮ್ಮಾ. ಬಿಚ್ಚಬ್ಯಾಡ್ರಿ ಅಂತ ಹೇಳು. ಅವರ ಊರಾಗ, ಅವರ ಬಾಗಲದಾಗ ಯಾವ್ದಾದ್ರೂ ಹೆಣ್ಣಮಗಳು ಬಿಚ್ಚಲಿ. ಕಟ್ಟಿದಾಕಿನ ಬಿಚ್ಚಬೇಕಂತ ನಮ್ಮ ಪದ್ಧತಿ. ಇದೊಂದಕ್ಕ ನಾ ಬಿಟ್ಟ ಕೊಟ್ಟೇನಿ ಅಂತ ಹೇಳು."

ರಜೆ ಮುಗಿದು ಸಿದ್ರಾಮ ನನ್ನ ಗಾಡಿಯಲ್ಲೇ ಹೊರಟ, ಗಡಹಿಂಗ್ಲಜದ ಅಕ್ಕನನ್ನು ನೋಡಿಕೊಂಡು ಮುಂಬೈಗೆ ಹೋಗಲು. ರುಮಾಲು ಅವನ ಹೆಗಲ ಮೇಲಿತ್ತು. ಬಾಳಕ್ಕ, ಮಾಯವ್ವ ಇಬ್ಬರೂ ಸ್ಟ್ಯಾಂಡಿಗೆ ಬಂದಿದ್ದರು. ಮಾಯವ್ವ ಕಿಟಕಿಯೊಳಗೆ ಕೈ ಹಾಕಿ ನಾಲ್ಕೂ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿದಳು, ಸಡಿಲಾಗಿದ್ದ ಒಂದನ್ನು ಮತ್ತೆ ಬಿಗಿದಳು. ನಾನು ಡಬಲ್ ಬೆಲ್ ಕೊಟ್ಟೆ.

"ಹೋಗಿ ಬಾರೋ!" ಎಂದು ಕೂಗಿದರು ಇಬ್ಬರೂ.